ಪಿಕಾಸಿ, ಸಲಿಕೆ, ರಾಟೆ: ಆಸ್ಟ್ರೇಲಿಯಾದ ಚಿನ್ನದ ಬಯಲಿನ ಹಳೆ ಒಡವೆಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮೆಲ್ಬರ್ನ್‌ಗೆ ಬಂದ ಹೊಸದರಲ್ಲಿ ಒಂದು ಹಳೆ ಸಾಮಾನಿನ ಸಂತೆಯಲ್ಲಿ ಒಂದು ಪುಟ್ಟ ಬ್ರೋಚ್, ಅಂದರೆ ಬಟ್ಟೆಗೆ ಚುಚ್ಚಿಕೊಳ್ಳುವ ಒಡವೆ, ಕಣ್ಣಿಗೆ ಬಿತ್ತು. ಒಂದು ಪಿಕಾಸಿ, ಒಂದು ಸಲಿಕೆ, ಅವೆರಡೂ ಕೂಡುವ ಕಡೆ ಕಡಲೆಕಾಳಿನಷ್ಟು ಚಿನ್ನದ ಉಂಡೆ. ಮಣ್ಣು ಅಗೆಯುವ ಸಾಮಾನನ್ನು ಚಿನ್ನದಲ್ಲಿ ಮಾಡಿ ಎದೆಯ ಮೇಲೆ ಹಾಕಿಕೊಳ್ಳುತ್ತಿದ್ದರಲ್ಲಾ ಅಂತ ಆಶ್ಚರ್ಯವಾಯಿತು. ಅಂದಿನಿಂದ ಇವುಗಳ ಹಿಂದೆ ಬಿದ್ದೆ. ನಮ್ಮವರು ಸೇರುವ ಹಬ್ಬ, ಮದುವೆಗಳಲ್ಲಿ ಇದನ್ನು ಹಾಕಿಕೊಂಡು ಹೋದಾಗಲೆಲ್ಲ ಜನ ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ. ಅವಕ್ಕೆ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಎಷ್ಟು ಗ್ರಾಂ ಇದೆ?

ಯಾವಾಗಲೂ ಮೊದಲ ಪ್ರಶ್ನೆ ಇದೇ. ತಪ್ಪೇನಿಲ್ಲ, ನಾವು ಚಿನ್ನ ನೋಡುವ ರೀತಿಯೇ ಹಾಗೆ. ಅಂಗಡಿಯಲ್ಲಿ ತೂಕ, ಆಮೇಲೆ ವೇಸ್ಟೇಜು, ಆಮೇಲೆ ಮಜೂರಿ.

ಆದರೆ ಈ ಒಡವೆಗಳಿಗೆ ತೂಕದ ಲೆಕ್ಕ ಹೊಂದುವುದಿಲ್ಲ. 15 ಕ್ಯಾರೆಟ್‌ನ 8 ಗ್ರಾಂ ಬ್ರೋಚ್ ಇದ್ದರೆ ಅದರಲ್ಲಿ ಅಪ್ಪಟ ಚಿನ್ನ ಬರೀ 5 ಗ್ರಾಂ. ತೂಕಕ್ಕೆ ಹಾಕಿದರೆ ಅಷ್ಟೇ ದುಡ್ಡು ಬರುತ್ತದೆ. ಅದೇ ಬ್ರೋಚನ್ನು ಅದರ ಬೆಲೆ ಗೊತ್ತಿರುವವರ ಕೈಗೆ ಕೊಟ್ಟರೆ ಹಲವು ಪಟ್ಟು ಜಾಸ್ತಿ. ಯಾಕೆಂದರೆ ಇಂಥವು ಮತ್ತೆ ಹುಟ್ಟುವುದಿಲ್ಲ. ಎಷ್ಟೋ ಬ್ರೋಚ್‌ಗಳು ಚಿನ್ನದ ಬೆಲೆ ಏರಿದಾಗಲೆಲ್ಲ ಕರಗಿ ಗಟ್ಟಿಯಾಗಿ ಹೋಗಿವೆ. ನಾನು ಈ ಪುಟ ಬರೆಯಲು ಮುಖ್ಯ ಕಾರಣವೇ ಅದು. ನಿಮ್ಮ ಕೈಗೆ ಇಂಥದ್ದೊಂದು ಬಂದರೆ ದಯವಿಟ್ಟು ಕರಗಿಸಬೇಡಿ.

‘ಚಿನ್ನದ ಬಯಲಿನ ಒಡವೆ’ ಅಂದ್ರೆ ಯಾವುದು? ಯಾವ ಕಾಲದ್ದು?

1851ರ ಫೆಬ್ರವರಿಯಲ್ಲಿ ಎಡ್ವರ್ಡ್ ಹಾರ್ಗ್ರೇವ್ಸ್ ಅನ್ನುವವರು ನ್ಯೂ ಸೌತ್ ವೇಲ್ಸ್‌ನ ಬ್ಯಾಥರ್ಸ್ಟ್ ಹತ್ತಿರ ಚಿನ್ನ ಇದೆ ಅಂತ ತೋರಿಸಿಕೊಟ್ಟರು. ಅದೇ ವರ್ಷ ವಿಕ್ಟೋರಿಯಾದ ಕ್ಲೂನ್ಸ್, ಬ್ಯಾಲರಾಟ್, ಬೆಂಡಿಗೋ ಕಡೆಯೂ ಸಿಕ್ಕಿತು. ಆಮೇಲೆ ನಡೆದದ್ದು ದೊಡ್ಡ ಜನಜಾತ್ರೆ. 1851ರಲ್ಲಿ ವಿಕ್ಟೋರಿಯಾದ ಜನಸಂಖ್ಯೆ ಸುಮಾರು 77 ಸಾವಿರ. ಹತ್ತೇ ವರ್ಷದಲ್ಲಿ ಅದು ಸುಮಾರು 5 ಲಕ್ಷ 40 ಸಾವಿರ ಆಯಿತು. ಇಂಗ್ಲೆಂಡ್, ಐರ್ಲೆಂಡ್, ಜರ್ಮನಿ, ಚೀನಾ, ಅಮೆರಿಕ, ಎಲ್ಲ ಕಡೆಯಿಂದ ಹಡಗು ಹತ್ತಿ ಬಂದರು.

ಆ ಬಯಲುಗಳ ಚಿನ್ನದಿಂದ, ಆ ಬದುಕಿನ ಚಿತ್ರಗಳನ್ನೇ ಇಟ್ಟು ಮಾಡಿದ ಒಡವೆಗಳಿಗೆ ಈ ಹೆಸರು. ಬ್ರೋಚ್ ಜಾಸ್ತಿ. ಟೈ ಪಿನ್ನು, ಉಂಗುರ, ಗಡಿಯಾರದ ಸರಪಳಿಗೆ ತೂಗುಹಾಕುವ ಪದಕಗಳೂ ಇವೆ. ಮೊದಲ ಕಂತು 1850ರ ದಶಕದಿಂದ ವಿಕ್ಟೋರಿಯಾ, ನ್ಯೂ ಸೌತ್ ವೇಲ್ಸ್‌ನದು. ಎರಡನೆಯದು 1890ರ ದಶಕದ ಪಶ್ಚಿಮ ಆಸ್ಟ್ರೇಲಿಯಾದ್ದು. ಎರಡಕ್ಕೂ ತುಂಬಾ ವ್ಯತ್ಯಾಸವಿದೆ. ಅದನ್ನು ಮುಂದೆ ಹೇಳುತ್ತೇನೆ.

ಪಿಕಾಸಿ, ಸಲಿಕೆ ಎಲ್ಲಾ ಒಡವೆಯಲ್ಲಿ ಯಾಕೆ? ನಮ್ಮಲ್ಲಿ ಹೂವು, ಮಾವಿನಕಾಯಿ, ಹಂಸ, ಲಕ್ಷ್ಮಿ ಇರುತ್ತೆ ಅಲ್ವಾ?

ನನಗೆ ಬಹಳ ಇಷ್ಟವಾದ ಪ್ರಶ್ನೆ ಇದು.

ನಮ್ಮಲ್ಲಿ ಒಡವೆ ಅಂದರೆ ಶುಭ, ಸಮೃದ್ಧಿ. ದೇವರ ಹತ್ತಿರದ್ದು. ಆಯುಧಪೂಜೆಯ ದಿನ ನಾವೂ ಗುದ್ದಲಿ, ಮಚ್ಚು, ನೇಗಿಲಿಗೆ ಕುಂಕುಮ ಇಟ್ಟು ಕೈ ಮುಗಿಯುತ್ತೇವೆ. ಆದರೆ ಅವನ್ನು ಕೊರಳಿಗೆ ಹಾಕಿಕೊಂಡಿಲ್ಲ. ಬ್ಯಾಲರಾಟ್‌ನ ಜನ ಹಾಕಿಕೊಂಡರು. ಅದಕ್ಕೆ ಕಾರಣ ಆ ಚಿನ್ನದ ಸ್ವಭಾವದಲ್ಲೇ ಇದೆ.

ಮೊದಲ ವರ್ಷಗಳಲ್ಲಿ ಚಿನ್ನ ಸಿಕ್ಕಿದ್ದು ಹಳ್ಳದ ಮರಳಿನಲ್ಲಿ, ಮೇಲ್ಮಣ್ಣಿನಲ್ಲಿ. ಕಂಪನಿ ಬೇಡ, ಯಂತ್ರ ಬೇಡ. ಒಂದು ಪಿಕಾಸಿ, ಒಂದು ಸಲಿಕೆ, ಒಂದು ತಟ್ಟೆ ಇದ್ದರೆ ಸಾಕು. ತಿಂಗಳಿಗೆ 30 ಶಿಲಿಂಗ್ ಕೊಟ್ಟು ಪರವಾನಗಿ ತಗೊಂಡರೆ ಸಿಕ್ಕಿದ ಚಿನ್ನ ಅಗೆದವನದೇ. ಚಿನ್ನ ಸಿಗಲಿ ಬಿಡಲಿ, ಆ 30 ಶಿಲಿಂಗ್ ಮಾತ್ರ ಕಟ್ಟಲೇಬೇಕಿತ್ತು. ಆ ಸಿಟ್ಟು ಬೆಳೆದು 1854ರ ಡಿಸೆಂಬರ್ 3ರಂದು ಬ್ಯಾಲರಾಟ್‌ನ ಯುರೇಕಾದಲ್ಲಿ ಸೈನಿಕರ ಜೊತೆ ಕಾದಾಟವೇ ಆಯಿತು. ಮರುವರ್ಷ ಆ ಪರವಾನಗಿ ತೆಗೆದು, ವರ್ಷಕ್ಕೆ ಒಂದು ಪೌಂಡಿನ ‘ಮೈನರ್ಸ್ ರೈಟ್’ ಅನ್ನುವ ಹಕ್ಕುಪತ್ರ ತಂದರು.

ಹೀಗೆ ತನ್ನ ಕೈಯಾರೆ ಅಗೆದು ತೆಗೆದ ಚಿನ್ನ. ಅದರ ಗುರುತಿಗೆ ಆ ಹತ್ಯಾರಗಳನ್ನೇ ಒಡವೆ ಮಾಡಿಸಿದರು. ಕೆಲವರು ಹೆಂಡತಿಗೆ ಕೊಟ್ಟರು. ಕೆಲವರು ಹಡಗಿನಲ್ಲಿ ಊರಿಗೆ, ತಾಯಿಗೋ ಮದುವೆಯಾಗಬೇಕಿದ್ದ ಹುಡುಗಿಗೋ ಕಳಿಸಿದರು. ಹಾಗಾಗಿ ಆಸ್ಟ್ರೇಲಿಯಾದಲ್ಲಿ ಮಾಡಿದ ಎಷ್ಟೋ ಬ್ರೋಚ್‌ಗಳು ಇವತ್ತು ಸಿಗುವುದು ಇಂಗ್ಲೆಂಡಿನಲ್ಲಿ. ‘ನಾನು ಇಲ್ಲಿ ಇದನ್ನು ಮಾಡುತ್ತಿದ್ದೇನೆ’ ಅಂತ ಊರಿಗೆ ಬರೆದ ಕಾಗದದ ಹಾಗೆ ಅದು.

ಅದರಲ್ಲಿರುವ ಸಣ್ಣ ಸಣ್ಣ ಸಾಮಾನು ಏನೇನು?

ಪಿಕಾಸಿ, ಸಲಿಕೆ ಗೊತ್ತಾಗುತ್ತದೆ. ಮಧ್ಯದಲ್ಲಿ ಅಡ್ಡ ಕಂಬಕ್ಕೆ ಹಗ್ಗ ಸುತ್ತಿ, ಕೆಳಗೆ ಬಕೆಟ್ ತೂಗುತ್ತಿದ್ದರೆ ಅದು ಗುಂಡಿಯಿಂದ ಮಣ್ಣು ಎತ್ತುವ ಕೈರಾಟೆ. ಒಳ್ಳೆ ಕೆಲಸಗಾರ ಮಾಡಿದ್ದಾದರೆ ಆ ಬಕೆಟ್ ನಿಜವಾಗಿಯೂ ಅಲ್ಲಾಡುತ್ತದೆ. ಹಗ್ಗದ ಹುರಿ ಕೂಡ ಎಣಿಸುವ ಹಾಗಿರುತ್ತದೆ.

ದುಂಡನೆಯ ತಟ್ಟೆ ಇದ್ದರೆ ಅದು ಚಿನ್ನ ಜಾಲಿಸುವ ತಟ್ಟೆ. ನಮ್ಮ ಅಜ್ಜಿಯಂದಿರು ಅಕ್ಕಿ ಜಾಲಿಸಿ ಕಲ್ಲು ತೆಗೆಯುತ್ತಿದ್ದರಲ್ಲ, ಅದೇ ಕೆಲಸ ಇದು. ಭಾರವಾದದ್ದು ತಳದಲ್ಲಿ ನಿಲ್ಲುತ್ತದೆ, ಹಗುರವಾದದ್ದು ನೀರಿನ ಜೊತೆ ಹೋಗುತ್ತದೆ. ಇದು ನಮಗೆ ಹೊಸದೂ ಅಲ್ಲ. ಗದಗ ಸೀಮೆಯ ಕಪ್ಪತಗುಡ್ಡದ ಹಳ್ಳಗಳಲ್ಲಿ ಜಾಲಗಾರರು ಮಳೆ ಬಂದ ಮೇಲೆ ಮರಳು ಜಾಲಿಸಿ ಚಿನ್ನದ ಪುಡಿ ತೆಗೆಯುತ್ತಿದ್ದರು.

ಇನ್ನೊಂದು ಸಾಮಾನು ಪೆಟ್ಟಿಗೆ ತರಹ ಇದ್ದು, ಅಡಿಯಲ್ಲಿ ಬಾಗಿದ ಪಟ್ಟಿ ಇರುತ್ತದೆ. ಅದಕ್ಕೆ ಅಲ್ಲಿನವರು ಇಟ್ಟ ಹೆಸರೇ ತೊಟ್ಟಿಲು. ಮೇಲೆ ಮಣ್ಣು, ನೀರು ಹಾಕಿ ಮಗು ತೂಗುವ ಹಾಗೆ ತೂಗುವುದು. ಚಿನ್ನ ಒಳಗಿನ ಅಡ್ಡಪಟ್ಟಿಗಳಲ್ಲಿ ನಿಲ್ಲುತ್ತದೆ.

ಸುತ್ತ ಬಳ್ಳಿ, ದ್ರಾಕ್ಷಿ ಎಲೆ, ಜರೀಗಿಡದ ಎಲೆ ಇರುವುದುಂಟು. ಕಾಂಗರೂ, ಎಮು ಕೂಡ. ಹಿಡಿಗಾತ್ರದ ಬ್ರೋಚ್‌ನಲ್ಲಿ ಒಬ್ಬ ಪುಟ್ಟ ಮನುಷ್ಯ ನಿಂತು ಅಗೆಯುತ್ತಿರುವುದನ್ನು ಗಾಜಿನ ಹಿಂದೆ ನೋಡಿದ್ದೇನೆ. ಅವನ ಟೋಪಿಯ ಅಂಚು ಕೂಡ ಕಾಣುತ್ತಿತ್ತು.

ನಡುವೆ ಇರೋ ಉಂಡೆ ನಿಜವಾದ ಚಿನ್ನವಾ?

ಒಳ್ಳೆಯ ಬ್ರೋಚ್ ಆದರೆ ಹೌದು. ಅದು ನಗೆಟ್, ಅಂದರೆ ನೆಲದಲ್ಲಿ ಸಿಕ್ಕ ಹಾಗೆಯೇ ಕೂರಿಸಿದ ಚಿನ್ನ. ವಿಕ್ಟೋರಿಯಾದ ಚಿನ್ನ ತುಂಬಾ ಶುದ್ಧ ಅಂತ ಹೆಸರುವಾಸಿ. ಹಾಗಾಗಿ ಒಂದೇ ಬ್ರೋಚ್‌ನಲ್ಲಿ ಎರಡು ಬಣ್ಣ ಕಾಣುತ್ತದೆ. ನಗೆಟ್ ಹಳದಿ ಜಾಸ್ತಿ. ತಾಮ್ರ ಬೆರೆಸಿದ ಚೌಕಟ್ಟು ಸ್ವಲ್ಪ ಕೆಂಪು. ಬಿಸಿಲಿನಲ್ಲಿ ಹಿಡಿದು ನೋಡಿದರೆ ಈ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ.

ನಗೆಟ್ ಅಂದಾಗ ಒಂದು ಮಾತು ಹೇಳಲೇಬೇಕು. 1869ರ ಫೆಬ್ರವರಿ 5ರಂದು ಮೊಲಿಯಾಗಲ್ ಅನ್ನುವ ಊರಿನ ಹತ್ತಿರ ಜಾನ್ ಡೀಸನ್, ರಿಚರ್ಡ್ ಓಟ್ಸ್ ಅನ್ನುವ ಇಬ್ಬರಿಗೆ ‘ವೆಲ್ಕಮ್ ಸ್ಟ್ರೇಂಜರ್’ ಅನ್ನುವ ನಗೆಟ್ ಸಿಕ್ಕಿತು. ಸುಮಾರು 72 ಕಿಲೋ. ಇದ್ದದ್ದು ಮಣ್ಣಿನ ಕೆಳಗೆ ಬರೀ ಕೆಲವು ಸೆಂಟಿಮೀಟರ್ ಆಳದಲ್ಲಿ. ಪಕ್ಕದ ಡನೋಲಿ ಊರಿನಲ್ಲಿ ಅಷ್ಟು ದೊಡ್ಡದನ್ನು ತೂಗುವ ತಕ್ಕಡಿ ಇರಲಿಲ್ಲ. ಕಮ್ಮಾರನ ಅಡಿಗಲ್ಲಿನ ಮೇಲಿಟ್ಟು ಒಡೆದು ತೂಗಿದರು. ಜಗತ್ತಿನ ಅತಿ ದೊಡ್ಡ ನಗೆಟ್ ಹಾಗೆ ಚೂರಾಯಿತು, ಕರಗಿತು. ಇವತ್ತು ನೋಡಲು ಸಿಗುವುದು ಆಮೇಲೆ ಮಾಡಿದ ಮಾದರಿಗಳು ಮಾತ್ರ. ಬ್ರೋಚ್‌ನಲ್ಲಿರುವ ಕಡಲೆಕಾಳಿನಷ್ಟು ನಗೆಟ್ ಉಳಿಯಿತು, 72 ಕಿಲೋದ್ದು ಉಳಿಯಲಿಲ್ಲ. ಇದನ್ನು ನೆನೆದಾಗಲೆಲ್ಲ ಸಂಕಟವಾಗುತ್ತದೆ.

ಮಾಡಿದವರು ಯಾರು? ಹೆಸರು ಇರುತ್ತಾ?

ಹೆಚ್ಚಿನದರಲ್ಲಿ ಇರುವುದಿಲ್ಲ. ಯುರೋಪಿನ ಅಕ್ಕಸಾಲಿಗರು ಕೂಡ ಚಿನ್ನ ಅಗೆಯಲು ಬಂದವರೇ. ಅಗೆದು ಸಾಕಾದ ಮೇಲೆ ಎಷ್ಟೋ ಜನ ತಮ್ಮ ಕಸುಬಿಗೆ ಮರಳಿದರು. 1850ರ ದಶಕದಲ್ಲಿ ಸಿಡ್ನಿಯಲ್ಲಿ ಹೋಗಾರ್ತ್ ಮತ್ತು ಎರಿಕ್ಸನ್ ಅನ್ನುವ ಜೋಡಿ ಬಹಳ ಹೆಸರು ಮಾಡಿತು. ಜೂಲಿಯಸ್ ಹೋಗಾರ್ತ್ ಡೆನ್ಮಾರ್ಕ್‌ನಿಂದ ಬಂದವರು. ಆಸ್ಟ್ರೇಲಿಯಾದ ಗಿಡ, ಪ್ರಾಣಿಗಳನ್ನು ಚಿನ್ನದಲ್ಲಿ ಅಷ್ಟು ಚೆನ್ನಾಗಿ ತಂದವರು ಕಡಿಮೆ. ಅವರ ಗುರುತಿರುವ ಒಡವೆ ಸಿಕ್ಕರೆ ಅದು ಮ್ಯೂಸಿಯಂ ಮಟ್ಟದ್ದು.

ಹಾಲ್‌ಮಾರ್ಕ್ ಇಲ್ಲ. ಹಾಗಾದ್ರೆ ನಕಲಿನಾ?

ಅಲ್ಲ. ಇಲ್ಲೇ ನಮ್ಮವರು ಎಡವುವುದು. ಈಗ ಊರಿನಲ್ಲಿ ಹಾಲ್‌ಮಾರ್ಕ್ ಇಲ್ಲದೆ ಚಿನ್ನ ಮುಟ್ಟಬೇಡಿ ಅಂತ ನಾವೇ ಹೇಳುತ್ತೇವೆ. ಆದರೆ ಆ ಕಾಲದ ಆಸ್ಟ್ರೇಲಿಯಾದಲ್ಲಿ ಇಂಗ್ಲೆಂಡಿನ ಹಾಗೆ ಮುದ್ರೆ ಕಡ್ಡಾಯ ಇರಲಿಲ್ಲ. 1850ರ ದಶಕದ ಒಳ್ಳೆ ಬ್ರೋಚ್ ಒಂದೂ ಗುರುತಿಲ್ಲದೆ ಇರುವುದು ತೀರಾ ಸಾಮಾನ್ಯ. ನಿಜ ಹೇಳಬೇಕೆಂದರೆ ಅಷ್ಟು ಹಳೆಯದು ಅನ್ನುವ ಬ್ರೋಚ್ ಮೇಲೆ ಅಚ್ಚುಕಟ್ಟಾದ ಹೊಸ ಮುದ್ರೆ ಕಂಡರೇ ನನಗೆ ಅನುಮಾನ.

15 ಕ್ಯಾರೆಟ್ ಅಂತ ಬರೆದಿದೆ. ಹಾಗೊಂದು ಕ್ಯಾರೆಟ್ ಇದೆಯಾ?

ಇತ್ತು. 1854ರಲ್ಲಿ ಬ್ರಿಟನ್ ಕಾನೂನು 15, 12, 9 ಕ್ಯಾರೆಟ್‌ಗಳಿಗೆ ಒಪ್ಪಿಗೆ ಕೊಟ್ಟಿತು. 1932ರಲ್ಲಿ 15 ಮತ್ತು 12 ಎರಡನ್ನೂ ತೆಗೆದು 14 ತಂದರು. ಆಸ್ಟ್ರೇಲಿಯಾದ ಕಸುಬುದಾರರು ಕೂಡ ಇದೇ ಲೆಕ್ಕ ಬಳಸಿದರು. ಹಾಗಾಗಿ ‘15’ ಅನ್ನುವ ಮುದ್ರೆ ಸುಳ್ಳಲ್ಲದಿದ್ದರೆ, ಒಡವೆಯ ಕಾಲ ಹೇಳುವ ಒಳ್ಳೆ ಸುಳಿವು.

15 ಕ್ಯಾರೆಟ್ ಅಂದರೆ ನೂರಕ್ಕೆ 62.5 ಭಾಗ ಚಿನ್ನ. ಊರಿನ ಅಂಗಡಿಯವರಿಗೆ ತೋರಿಸಿದರೆ ‘ಕಳಪೆ ಚಿನ್ನ’ ಅಂದಾರು. ಬೇಸರ ಮಾಡಿಕೊಳ್ಳಬೇಡಿ. ತೆಳುವಾದ ಪಿಕಾಸಿ ಹಿಡಿ, ಅಲ್ಲಾಡುವ ಬಕೆಟ್ಟು, ಸೂಜಿ, ಇವೆಲ್ಲ 22 ಕ್ಯಾರೆಟ್‌ನಲ್ಲಿ ಮಾಡಿದ್ದರೆ ನೂರೈವತ್ತು ವರ್ಷದಲ್ಲಿ ಬಾಗಿ ಹೋಗುತ್ತಿದ್ದವು.

ಹಳೆಯದು ಅಂತ ಹೇಗೆ ಗೊತ್ತಾಗುತ್ತೆ?

ತಿರುಗಿಸಿ ನೋಡಿ. ಮುಂಭಾಗ ಕಣ್ಣು ಸೆಳೆಯುತ್ತದೆ, ಸತ್ಯ ಇರುವುದು ಹಿಂಭಾಗದಲ್ಲಿ.

ಹಳೆ ಬ್ರೋಚ್‌ಗಳ ಪಿನ್ನು ಒಂದು ಸುಮ್ನೆ ಬಾಗಿಸಿದ ಕೊಕ್ಕೆಗೆ ಸಿಕ್ಕಿಕೊಳ್ಳುತ್ತದೆ. ಕೊಕ್ಕೆಗೆ ಬೀಗ ಇರುವುದಿಲ್ಲ. ಸೂಜಿ ಎಷ್ಟೋ ಸಲ ಬ್ರೋಚ್‌ನ ಅಂಚು ದಾಟಿ ಆಚೆ ಬಂದಿರುತ್ತದೆ. ಇನ್ನೊಂದು ತುದಿಯಲ್ಲಿ ಸಣ್ಣ ಕೊಳವೆಯಂಥ ಕೀಲು. ತಿರುಗಿಸಿ ಮುಚ್ಚುವ ಭದ್ರವಾದ ಕೊಂಡಿ ಬಂದದ್ದು ಇಪ್ಪತ್ತನೇ ಶತಮಾನದಲ್ಲಿ. ಆದರೆ ಅದು ಕಂಡ ತಕ್ಷಣ ಹೊಸ ಬ್ರೋಚ್ ಅನ್ನಬೇಡಿ, ಹಳೆಯದಕ್ಕೆ ಆಮೇಲೆ ಹಾಕಿಸಿರಲೂಬಹುದು. ಕೊಂಡಿಯ ಸುತ್ತ ಬೆಸುಗೆ ಬೂದುಬಣ್ಣದ್ದಾಗಿದ್ದರೆ ಅದು ಸೀಸದ ರಿಪೇರಿ.

ಸವೆತವನ್ನೂ ನೋಡಿ. ಉಬ್ಬಿದ ಕಡೆ ಜಾಸ್ತಿ ಸವೆದು, ಸಂದಿಯಲ್ಲಿ ಕಡಿಮೆ ಸವೆದಿರಬೇಕು. ಎಲ್ಲ ಕಡೆ ಒಂದೇ ಸಮ ಮಂಕಾಗಿದ್ದರೆ ಯಾರೋ ಮಾಡಿದ ಮಂಕು ಅದು.

ಕೆಲವು ಬ್ರೋಚ್‌ಗಳ ಹಿಂದೆ ಸಣ್ಣ ಗಾಜಿನ ಗೂಡು ಇರುತ್ತದೆ. ಒಳಗೆ ಕೂದಲಿನ ಎಳೆ ಇದ್ದರೆ ಗಾಬರಿಯಾಗಬೇಡಿ. ಪ್ರೀತಿಪಾತ್ರರ ಕೂದಲನ್ನು ಒಡವೆಯಲ್ಲಿ ಇಟ್ಟುಕೊಳ್ಳುವುದು ಆ ಕಾಲದ ರೂಢಿ. ನಮಗೆ ವಿಚಿತ್ರ ಅನ್ನಿಸಬಹುದು. ಆದರೆ ಅದನ್ನು ತೆಗೆದು ಬಿಸಾಡಬೇಡಿ.

ನಕಲಿ ಬರುತ್ತಾ?

ಬರುತ್ತದೆ. ಅಸಲಿಯಿಂದ ಅಚ್ಚು ತೆಗೆದು ಎರಕ ಹೊಯ್ದದ್ದು ಒಂದು ಬಗೆ. ಭೂತಗನ್ನಡಿಯಲ್ಲಿ ನೋಡಿದರೆ ಸಣ್ಣ ಸಣ್ಣ ಗುಳ್ಳೆ ಗುಂಡಿ ಕಾಣುತ್ತವೆ. ಅಂಚುಗಳು ಮೊಂಡಾಗಿರುತ್ತವೆ. ಅಸಲಿಯಲ್ಲಿ ಹಿಡಿ ಬೇರೆ, ತಲೆ ಬೇರೆ, ಹಗ್ಗ ಬೇರೆ ಮಾಡಿ ಬೆಸೆದಿರುತ್ತಾರೆ. ಎರಕದಲ್ಲಿ ಎಲ್ಲವೂ ಒಂದೇ ತುಂಡು.

ಇನ್ನೊಂದು ಬಗೆ ಕಳ್ಳ ಮದುವೆ. ಸಾಧಾರಣ ಹಳೆ ಬ್ರೋಚ್‌ಗೆ ಈಚೆಗೆ ಒಂದು ನಗೆಟ್ ಬೆಸೆದು ‘ಚಿನ್ನದ ಬಯಲಿನದು’ ಅಂತ ಮಾರುವುದು. ಇದನ್ನು ಹಿಡಿಯುವುದು ಕಷ್ಟ. ನಗೆಟ್ ಕೂರಿಸಿದ ಜಾಗದ ಬೆಸುಗೆ ಉಳಿದ ಬೆಸುಗೆಯಷ್ಟೇ ಹಳತಾಗಿ ಕಾಣುತ್ತದಾ ಅಂತ ನೋಡಬೇಕು.

ಊರಿನ ಅಂಗಡಿಗಳಲ್ಲಿ ಕ್ಯಾರೆಟ್ ನೋಡುವ ಯಂತ್ರ ಇರುತ್ತದಲ್ಲ, ಅದು ಇಲ್ಲಿಯೂ ಇದೆ. ನಗೆಟ್ ಮತ್ತು ಚೌಕಟ್ಟು ಎರಡನ್ನೂ ಬೇರೆ ಬೇರೆಯಾಗಿ ನೋಡಿಸಿ. ಎರಡೂ ಒಂದೇ ಅಂಕಿ ತೋರಿಸಿದರೆ ನಗೆಟ್ ನೆಲದ್ದಲ್ಲ, ಎರಕದ್ದು ಅನ್ನುವ ಅನುಮಾನ ಬಲವಾಗುತ್ತದೆ. ಒರೆಗಲ್ಲಿಗೆ ಉಜ್ಜಲು ಮಾತ್ರ ಬಿಡಬೇಡಿ. ಅಷ್ಟು ತೆಳು ಕೆಲಸದಲ್ಲಿ ಒಂದು ಗೀರು ಕೂಡ ನಷ್ಟ.

ಪಶ್ಚಿಮ ಆಸ್ಟ್ರೇಲಿಯಾದ ಬ್ರೋಚ್ ಬೇರೆ ಥರ ಅಂತಾರೆ?

ಹೌದು. ಅಲ್ಲಿ ಚಿನ್ನ ಸಿಕ್ಕಿದ್ದು 1892ರಲ್ಲಿ ಕೂಲ್‌ಗಾರ್ಡಿಯಲ್ಲಿ, 1893ರ ಜೂನ್‌ನಲ್ಲಿ ಕಲ್ಗೂರ್ಲಿಯಲ್ಲಿ. ನೀರೇ ಇಲ್ಲದ ಒಣ ನಾಡು. ಅಲ್ಲಿಗೆ ಸಾಮಾನು ಸಾಗಿಸಿದವರಲ್ಲಿ ಒಂಟೆಗಾರರು ಮುಖ್ಯ. ಎಲ್ಲರನ್ನೂ ‘ಅಫ್ಘಾನ್’ ಅನ್ನುತ್ತಿದ್ದರು. ಆದರೆ ಅವರಲ್ಲಿ ಎಷ್ಟೋ ಜನ ಬಲೂಚಿಸ್ತಾನ, ಪಂಜಾಬ್, ಸಿಂಧ್ ಕಡೆಯವರು, ಅಂದಿನ ಬ್ರಿಟಿಷ್ ಇಂಡಿಯಾದ ನಮ್ಮ ಜನ. ಅವರ ಬೆನ್ನಿನ ಮೇಲೆ ನಿಂತ ಊರುಗಳು ಅವು. ಪೈಪಿನಲ್ಲಿ ನೀರು ಬಂದದ್ದು 1903ರಲ್ಲಿ.

ಈ ಕಾಲದ ಬ್ರೋಚ್ ಸಾಮಾನ್ಯವಾಗಿ ಉದ್ದನೆಯ ಕಡ್ಡಿಯ ಹಾಗೆ. ಅದರ ಮೇಲೆ ಅಡ್ಡಲಾಗಿ ಪಿಕಾಸಿ, ಸಲಿಕೆ, ನಗೆಟ್. ಕೆಲವದರಲ್ಲಿ ಊರಿನ ಹೆಸರೇ ಚಿನ್ನದ ಅಕ್ಷರದಲ್ಲಿ ಇರುತ್ತದೆ. ಅಲ್ಲಿನ ಕಪ್ಪು ಹಂಸವೂ ಬರುತ್ತದೆ. ಪರ್ತ್‌ನ ಲೆವಿನ್ಸನ್ ಮುಂತಾದ ಒಡವೆ ಮಾಡುವವರ ಗುರುತು ಇರುವುದೂ ಸಿಗುತ್ತದೆ. ಸಂಖ್ಯೆಯಲ್ಲಿ ಜಾಸ್ತಿ, ಕುಸುರಿಯಲ್ಲಿ ವಿಕ್ಟೋರಿಯಾದ ಹಳೆಯವಕ್ಕಿಂತ ಸರಳ. ಹೊಸದಾಗಿ ಶುರು ಮಾಡುವವರಿಗೆ ನಾನು ಇವನ್ನೇ ಹೇಳುತ್ತೇನೆ.

ಕ್ಯಾಲಿಫೋರ್ನಿಯಾದ್ದು?

ಅಲ್ಲಿ ಚಿನ್ನ ಸಿಕ್ಕಿದ್ದು 1848ರಲ್ಲಿ, ಆಸ್ಟ್ರೇಲಿಯಾಗಿಂತ ಮೊದಲು. ಬಿಳಿ ಕಲ್ಲಿನಲ್ಲಿ ಚಿನ್ನದ ಎಳೆ ಹರಿದಿರುವ ಬಿಲ್ಲೆಗಳನ್ನು ಕೂರಿಸಿದ ಒಡವೆ ಅಲ್ಲಿನ ವಿಶೇಷ. ಅದರ ಲೋಕವೇ ಬೇರೆ.

ನಮ್ಮ ಕೆಜಿಎಫ್‌ನಲ್ಲೂ ಇಂಥ ಒಡವೆ ಮಾಡ್ತಿದ್ರಾ?

ಕೋಲಾರ ಕಡೆಯವರು ಇದನ್ನು ಕೇಳಿಯೇ ಕೇಳುತ್ತಾರೆ. ನಂಟಂತೂ ಇದೆ. ಬೆಂಗಳೂರಿನ ಲ್ಯಾವೆಲ್ ರಸ್ತೆ ಯಾರ ಹೆಸರಿನದೋ, ಆ ಮೈಕಲ್ ಲ್ಯಾವೆಲ್ ನ್ಯೂಜಿಲೆಂಡ್‌ನಲ್ಲಿ ಮಾವೊರಿ ಯುದ್ಧದಲ್ಲಿ ಇದ್ದು ಬಂದ ಸೈನಿಕ. ನ್ಯೂಜಿಲೆಂಡ್‌ನಲ್ಲೂ 1861ರಲ್ಲಿ ಒಟಾಗೊದಲ್ಲಿ ಚಿನ್ನದ ಗದ್ದಲ ಆಗಿತ್ತು. ಲ್ಯಾವೆಲ್ 1871ರಲ್ಲಿ ಎತ್ತಿನ ಗಾಡಿಯಲ್ಲಿ ಕೋಲಾರಕ್ಕೆ ಹೋಗಿ ಹುಡುಕಲು ಶುರು ಮಾಡಿದರು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂತು. ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ಗಣಿ ಕೆಲಸಗಾರರು ವಿಕ್ಟೋರಿಯಾಕ್ಕೂ ಹೋದರು, ಕೆಜಿಎಫ್‌ಗೂ ಬಂದರು.

ಆದರೆ ಒಂದು ದೊಡ್ಡ ವ್ಯತ್ಯಾಸ. ಬ್ಯಾಲರಾಟ್‌ನ ಮೊದಲ ಚಿನ್ನ ಕೈಗೆ ಸಿಗುವಂಥದ್ದು, ಅಗೆದವನ ಪಾಲಿನದು. ಕೆಜಿಎಫ್‌ನದು ಬಂಡೆಯೊಳಗಿನ ಚಿನ್ನ. ಕೊನೆಗೆ 3 ಕಿಲೋಮೀಟರ್‌ಗಿಂತ ಆಳಕ್ಕೆ ಇಳಿದರು. ಅದಕ್ಕೆ ಕಂಪನಿಯ ಬಂಡವಾಳ ಬೇಕು. ಚಿನ್ನವೂ ಕಂಪನಿಯದೇ. ಕೆಳಗೆ ಇಳಿದು ಉಸಿರು ಸವೆಸಿದ ಕಾರ್ಮಿಕನಿಗೆ ಕೂಲಿ ಅಷ್ಟೇ. ತಾನು ತೆಗೆದ ಚಿನ್ನದಲ್ಲಿ ಒಂದು ಪಿಕಾಸಿ ಮಾಡಿಸಿ ಹೆಂಡತಿಗೆ ಕೊಡುವ ಹಕ್ಕು ಅವನಿಗೆ ಇರಲಿಲ್ಲ. ಬ್ಯಾಲರಾಟ್‌ನ ಬ್ರೋಚ್ ನೋಡುವಾಗ ನನಗೆ ಈ ಮಾತು ಮತ್ತೆ ಮತ್ತೆ ನೆನಪಾಗುತ್ತದೆ.

ಆ ನೆಲ ಯಾರದು? ಕೆಲವು ಬ್ರೋಚ್‌ಗಳಲ್ಲಿ ಮೂಲನಿವಾಸಿಗಳ ಚಿತ್ರ ಇರುತ್ತಲ್ಲ?

ಬ್ಯಾಲರಾಟ್ ವದಾವುರಂಗ್ ಜನರ ನೆಲ. ಬೆಂಡಿಗೋ ಜಾಜಾವುರಂಗ್ ಜನರದು. ಚಿನ್ನ ಸಿಕ್ಕ ಮೇಲೆ ಅವರ ಹಳ್ಳ, ಕಾಡು, ಬೇಟೆಯ ಜಾಗ ಎಲ್ಲ ಅಗೆದು ಹೋಯಿತು. ಪರವಾನಗಿ ದುಡ್ಡು ಸರ್ಕಾರಕ್ಕೆ ಹೋಯಿತು, ಅವರಿಗಲ್ಲ. ಅದೇ ಜನರನ್ನು ಬ್ರೋಚ್‌ನಲ್ಲಿ ಅಲಂಕಾರದ ಗೊಂಬೆಯ ಹಾಗೆ, ಕಾಂಗರೂ ಪಕ್ಕದಲ್ಲಿ ನಿಲ್ಲಿಸಿದರು. ಕೆಲಸ ಎಷ್ಟೇ ಚೆಂದ ಇರಲಿ, ಅಂಥದ್ದನ್ನು ನಾನು ಹಾಕಿಕೊಳ್ಳುವುದಿಲ್ಲ. ಮ್ಯೂಸಿಯಂನಲ್ಲಿ ಇರಲಿ, ಅದರ ಪೂರ್ತಿ ಕಥೆಯ ಜೊತೆ.

ಸ್ವಲ್ಪ ಮಂಕಾಗಿದೆ. ಪಾಲಿಶ್ ಮಾಡಿಸಲಾ?

ಬೇಡ, ಬೇಡ, ಬೇಡ.

ನನ್ನ ಎರಡನೇ ಬ್ರೋಚ್‌ನ ಪಿನ್ನು ಸಡಿಲವಾಗಿತ್ತು. ಒಂದು ಅಂಗಡಿಗೆ ಕೊಟ್ಟೆ. ಪಿನ್ನು ಮಾತ್ರ ಸರಿಮಾಡಿ ಅಂತ ಹೇಳಿದ್ದೆ. ವಾಪಸ್ ಬಂದಾಗ ಥಳಥಳ ಅನ್ನುತ್ತಿತ್ತು. ಒಳ್ಳೆಯದಾಗಲಿ ಅಂತ ಅವರೇ ಯಂತ್ರಕ್ಕೆ ಹಿಡಿದು ಪಾಲಿಶ್ ಹಾಕಿದ್ದರು. ಆ ಕಾಲದ ಅಕ್ಕಸಾಲಿಗರು ಕೆಲವು ಒಡವೆಗಳನ್ನು ಆಮ್ಲದಲ್ಲಿ ಅದ್ದಿ, ಮೇಲ್ಮೈಯ ಬೆರಕೆ ತೆಗೆದು, ಮಾಗಿದ ಹಣ್ಣಿನ ಸಿಪ್ಪೆಯಂಥ ಮೃದುವಾದ ಹೊಳಪು ತರುತ್ತಿದ್ದರು. ಅದಕ್ಕೆ ‘ಬ್ಲೂಮ್’ ಅನ್ನುತ್ತಾರೆ. ಅದು ಕೂದಲೆಳೆಗಿಂತ ತೆಳು. ಒಂದು ಸಲ ಉಜ್ಜಿದರೆ ಹೋಯಿತು. ನನ್ನ ಬ್ರೋಚ್‌ನ ಬ್ಲೂಮ್ ಹೋಯಿತು, ಹಗ್ಗದ ಹುರಿ ಕೂಡ ಅರ್ಧ ಅಳಿಸಿತು. ಅವತ್ತು ಮನೆಗೆ ಬಂದು ಅತ್ತಿದ್ದೇನೆ.

ರಿಪೇರಿಗೆ ಕೊಡುವಾಗ ‘ಪಾಲಿಶ್ ಬೇಡ’ ಅಂತ ರಸೀದಿಯ ಮೇಲೆ ಬರೆಸಿ. ಕೊಡುವ ಮುಂಚೆ ಹಿಂದೆ ಮುಂದೆ ಫೋಟೋ ತೆಗೆದುಕೊಳ್ಳಿ.

ಹಾಗಾದ್ರೆ ತೊಳೆಯೋದು ಹೇಗೆ?

ಉಗುರು ಬೆಚ್ಚಗಿನ ನೀರು, ಒಂದು ಹನಿ ಮೆದು ಸೋಪು, ಮಕ್ಕಳ ಹಲ್ಲುಜ್ಜುವ ಮೃದು ಬ್ರಷ್ಷು. ನಮ್ಮ ಅಜ್ಜಿ ಚಿನ್ನ ತೊಳೆಯುತ್ತಿದ್ದ ಅಂಟುವಾಳದ ನೀರೂ ಆಗುತ್ತದೆ, ತಿಳಿಯಾಗಿರಬೇಕು. ಹುಣಸೆಹಣ್ಣು, ಟೂತ್‌ಪೇಸ್ಟ್, ಬೂದಿ, ಯಾವುದೂ ಬೇಡ. ಹಿಂದೆ ಗಾಜಿನ ಗೂಡು ಇದ್ದರೆ ನೀರೇ ಸೋಕಿಸಬೇಡಿ, ಒಣ ಬಟ್ಟೆಯಲ್ಲಿ ಒರೆಸಿ ಸಾಕು. ಒಂದೊಂದನ್ನೂ ಬೇರೆ ಬೇರೆ ಸುತ್ತಿಡಿ. ಒಟ್ಟಿಗೆ ಹಾಕಿದರೆ ಒಂದರ ಸೂಜಿ ಇನ್ನೊಂದನ್ನು ಗೀರುತ್ತದೆ.

ಸೀರೆಗೆ ಹಾಕಬಹುದಾ?

ಹಾಕಬಹುದು, ಆದರೆ ರೇಷ್ಮೆಗೆ ಬೇಡ. ಈ ಸೂಜಿಗಳು ದಪ್ಪ. ಮೈಸೂರು ಸಿಲ್ಕಿನ ಹೆಗಲ ನೆರಿಗೆಗೆ ಚುಚ್ಚಿದರೆ ತೂತು ಹಾಗೇ ಉಳಿಯುತ್ತದೆ. ಸೀರೆಯೂ ಹಾಳು, ಕೊಕ್ಕೆಗೆ ಬೀಗ ಇಲ್ಲದ್ದರಿಂದ ಬ್ರೋಚ್ ಕೂಡ ಎಲ್ಲಾದರೂ ಬಿದ್ದುಹೋಗಬಹುದು. ನಾನು ಉಣ್ಣೆ ಶಾಲಿಗೋ ಚಳಿಗಾಲದ ಕೋಟಿಗೋ ಹಾಕುತ್ತೇನೆ. ಸಣ್ಣ ಸರಪಳಿಯ ತುದಿಗೆ ಇನ್ನೊಂದು ಪಿನ್ನು ಇದ್ದರೆ ಅದನ್ನೂ ಬಟ್ಟೆಗೆ ಚುಚ್ಚಿಕೊಳ್ಳಿ. ಆ ಸರಪಳಿ ಇರುವುದೇ ಅದಕ್ಕೆ.

ಬ್ರೋಚ್ ಯಾರು ಹಾಕ್ತಾರೆ ಈಗ? ಪೆಂಡೆಂಟ್ ಮಾಡಿಸಿದ್ರೆ ಆಗಲ್ವಾ?

ನಮ್ಮತ್ತೆ ಕೂಡ ಇದನ್ನೇ ಕೇಳಿದರು. ಬೆಸುಗೆ ಹಾಕಿ ಉಂಗುರ ಕೂರಿಸಿದರೆ, ಪಿನ್ನು ಕಿತ್ತರೆ, ಅದರ ಬೆಲೆಯೂ ಹೋಯಿತು, ಗುರುತೂ ಹೋಯಿತು. ಪಿನ್ನಿಗೆ ಸುಮ್ನೆ ತೂರಿಸುವ ಸಣ್ಣ ಕೊಳವೆ, ಅದಕ್ಕೊಂದು ಬಳೆಯಂಥ ಕುಣಿಕೆ ಸಿಗುತ್ತದೆ. ಅದರಲ್ಲಿ ಸರ ಪೋಣಿಸಿ. ಬೇಡವಾದಾಗ ತೆಗೆಯಬಹುದು. ಅತ್ತೆ ಈಗ ಹಾಗೇ ಹಾಕಿಕೊಳ್ಳುತ್ತಾರೆ.

ಕೊಳ್ಳುವಾಗ ಏನು ಕೇಳಬೇಕು?

ಎಲ್ಲಿಂದ ಬಂತು ಅಂತ ಮೊದಲು ಕೇಳಿ. ಮನೆತನದ ಫೋಟೋ, ಕಾಗದ, ಹಳೆ ಡಬ್ಬಿ ಏನಿದ್ದರೂ ಬಿಡಬೇಡಿ. ಅಜ್ಜಿಯೊಬ್ಬರು ಅದೇ ಬ್ರೋಚ್ ಹಾಕಿಕೊಂಡು ಕೂತಿರುವ ಫೋಟೋ ಸಿಕ್ಕರೆ ಅದು ಯಾವ ಮುದ್ರೆಗಿಂತಲೂ ದೊಡ್ಡ ಸಾಕ್ಷಿ. ರಿಪೇರಿ ಏನೇನು ಆಗಿದೆ ಅಂತ ಕೇಳಿ, ರಸೀದಿಯಲ್ಲಿ ಬರೆಸಿಕೊಳ್ಳಿ. ಕಾಲ, ಕ್ಯಾರೆಟ್, ನಗೆಟ್ ಅಸಲಿ ಅನ್ನುವುದೂ ಬರಹದಲ್ಲಿ ಇರಲಿ. ಬರೆದು ಕೊಡಲು ಹಿಂಜರಿದರೆ ಅಲ್ಲಿಂದ ಹೊರಟುಬಿಡಿ. ಇನ್ನೊಂದು ಸಿಕ್ಕೇ ಸಿಗುತ್ತದೆ.

ಊರಿಗೆ ತಗೊಂಡು ಹೋಗಬಹುದಾ?

ಎರಡೂ ಕಡೆಯ ಕಾನೂನು ನೋಡಬೇಕು. ಆಸ್ಟ್ರೇಲಿಯಾದಲ್ಲಿ 1986ರ ಕಾನೂನಿನ ಪ್ರಕಾರ ದೇಶದ ಪರಂಪರೆಗೆ ಮುಖ್ಯವಾದ ಕೆಲವು ಹಳೆ ವಸ್ತುಗಳನ್ನು ಹೊರಗೆ ಒಯ್ಯಲು ಅನುಮತಿ ಬೇಕು. ಅಪರೂಪದ ಬ್ರೋಚ್ ಆದರೆ ಮೊದಲೇ ವಿಚಾರಿಸಿ. ಭಾರತದ ಕಸ್ಟಮ್ಸ್‌ನಲ್ಲಿ ಚಿನ್ನದ ಒಡವೆಯ ನಿಯಮ ಆಗಾಗ ಬದಲಾಗುತ್ತದೆ, ಹೊರಡುವ ಮುಂಚೆ ನೋಡಿಕೊಳ್ಳಿ. ವಾಪಸ್ ತರುವುದೂ ಸಲೀಸಲ್ಲ. ಭಾರತದ 1972ರ ಕಾನೂನು ನೂರು ವರ್ಷ ದಾಟಿದ ಪುರಾತನ ವಸ್ತುಗಳನ್ನು ಹೊರಗೆ ಒಯ್ಯಲು ಬಿಡುವುದಿಲ್ಲ. ಬಿಲ್ಲು, ಫೋಟೋ ಜೊತೆಯಲ್ಲೇ ಇರಲಿ.

ಕೊಳ್ಳೋದು ಬೇಡ, ನೋಡಿದ್ರೆ ಸಾಕು. ಎಲ್ಲಿ?

ಮೆಲ್ಬರ್ನ್‌ನ ನ್ಯಾಷನಲ್ ಗ್ಯಾಲರಿ ಆಫ್ ವಿಕ್ಟೋರಿಯಾ, ಸಿಡ್ನಿಯ ಪವರ್‌ಹೌಸ್, ಕ್ಯಾನ್‌ಬೆರಾದ ನ್ಯಾಷನಲ್ ಮ್ಯೂಸಿಯಂ ಸಂಗ್ರಹಗಳಲ್ಲಿ ಆ ಕಾಲದ ಒಡವೆಗಳಿವೆ. ಪ್ರದರ್ಶನದಲ್ಲಿ ಯಾವುದಿದೆ ಅಂತ ಮೊದಲೇ ನೋಡಿಕೊಂಡು ಹೋಗಿ. ಊರಿಂದ ಅಪ್ಪ ಅಮ್ಮ ಬಂದಿದ್ದರೆ ಬ್ಯಾಲರಾಟ್‌ನ ಸೊವರಿನ್ ಹಿಲ್‌ಗೆ ಕರೆದುಕೊಂಡು ಹೋಗಿ. 1850ರ ದಶಕದ ಬೀದಿಯನ್ನೇ ಕಟ್ಟಿದ್ದಾರೆ. ಹಳ್ಳದಲ್ಲಿ ತಟ್ಟೆ ಹಿಡಿದು ಚಿನ್ನ ಜಾಲಿಸಬಹುದು, ಸಿಕ್ಕಿದ್ದು ನಿಮ್ಮದೇ. ನನ್ನಮ್ಮನಿಗೆ ಎರಡು ಪುಡಿ ಸಿಕ್ಕಿತು. ಅಕ್ಕಿ ಜಾಲಿಸಿದ ಕೈ ಅಲ್ವಾ, ಪಕ್ಕದವರಿಗಿಂತ ಬೇಗ ಕಲಿತರು.

ನಮ್ಮ ಮನೆಯಲ್ಲಿ ಇಂಥದ್ದು ಇರೋ ಸಾಧ್ಯತೆ ಇದೆಯಾ?

ಬ್ರೋಚ್ ಇರುವುದು ಕಷ್ಟ. ಆದರೆ ಆ ಬಯಲಿನ ಚಿನ್ನ ಇರಬಹುದು.

1855ರಲ್ಲಿ ಸಿಡ್ನಿಯಲ್ಲಿ ಟಂಕಸಾಲೆ ಶುರುವಾಯಿತು. 1872ರಲ್ಲಿ ಮೆಲ್ಬರ್ನ್, 1899ರಲ್ಲಿ ಪರ್ತ್. ಅಗೆದ ಚಿನ್ನವನ್ನು ಅಲ್ಲಿ ಸಾವರಿನ್ ಅನ್ನುವ ಚಿನ್ನದ ನಾಣ್ಯ ಮಾಡಿದರು. ಒಂದರ ತೂಕ 8 ಗ್ರಾಂಗೆ ಸ್ವಲ್ಪವೇ ಕಡಿಮೆ, 22 ಕ್ಯಾರೆಟ್. ಅವು ಭಾರತಕ್ಕೂ ಬಂದವು. ಕರಾವಳಿಯಲ್ಲಿ ಇಂದಿಗೂ ಚಿನ್ನವನ್ನು ಪವನ್ ಲೆಕ್ಕದಲ್ಲಿ, 8 ಗ್ರಾಂಗೆ ಒಂದು ಅಂತ ಹೇಳುವುದು ಈ ನಾಣ್ಯದ ತೂಕದಿಂದಲೇ.

ಅಜ್ಜಿಯ ಕಾಲದ ಕಾಸಿನ ಸರದಲ್ಲಿ ರಾಣಿಯದೋ ರಾಜನದೋ ತಲೆ ಇರುವ ಕಾಸುಗಳಿದ್ದರೆ ಒಂದು ಭೂತಗನ್ನಡಿ ತನ್ನಿ. ಹಲವು ಸರಗಳಲ್ಲಿ ಇರುವುದು ಊರಿನ ಆಚಾರಿಯೇ ಅಚ್ಚು ಹಾಕಿದ ಕಾಸು, ಅದಕ್ಕೂ ಅದರದೇ ಬೆಲೆ ಇದೆ. ಅಸಲಿ ನಾಣ್ಯವಾಗಿದ್ದರೆ ಕುದುರೆ ಸವಾರನ ಬದಿ ನೋಡಿ. 1887ರ ನಂತರದ ನಾಣ್ಯಗಳಲ್ಲಿ ಕುದುರೆಯ ಕೆಳಗಿನ ನೆಲದ ಗೆರೆಯ ಮೇಲೆ, ಇಸವಿಗೆ ಸ್ವಲ್ಪ ಮೇಲೆ, ಒಂದು ಪುಟ್ಟ ಇಂಗ್ಲಿಷ್ ಅಕ್ಷರ ಇರಬಹುದು. ಎಸ್ ಇದ್ದರೆ ಸಿಡ್ನಿ. ಎಂ ಇದ್ದರೆ ಮೆಲ್ಬರ್ನ್. ಪಿ ಇದ್ದರೆ ಪರ್ತ್. ಇಸವಿ 1918 ಇದ್ದು ಐ ಅಕ್ಷರ ಕಂಡರೆ ಅದು ನಮ್ಮ ಬೊಂಬಾಯಿಯಲ್ಲೇ ಅಚ್ಚಾದದ್ದು. ಅಕ್ಷರವೇ ಇಲ್ಲದಿದ್ದರೆ ಸಾಮಾನ್ಯವಾಗಿ ಲಂಡನ್ನಿನದು.

ನೋಡುವಾಗ ಉಜ್ಜಬೇಡಿ. ಸರದಿಂದ ಬಿಡಿಸಲೂ ಬೇಡಿ.